ತೊಡಕಿರುವುದು ಗುಂಪಿನಲ್ಲಲ್ಲ, ಅಂಕ ಕೊಡುವ ಕ್ರಮದಲ್ಲಿ

ಗುಂಪು ಪ್ರಾಜೆಕ್ಟಿನಲ್ಲಿ ದುಡಿಯುವವರು ಕೆಲವರು, ಅಂಕ ಮಾತ್ರ ಎಲ್ಲರಿಗೂ ಸಮ, ಆದ್ದರಿಂದ ವಿನ್ಯಾಸ ಶಿಕ್ಷಣಕ್ಕೆ ವೈಯಕ್ತಿಕ ಪ್ರಾಜೆಕ್ಟುಗಳಷ್ಟೇ ಸಾಕು ಎಂದು ಗುಂಪು ಪ್ರಾಜೆಕ್ಟುಗಳ ಕುರಿತ ಲೇಖನವೊಂದರಲ್ಲಿ ಲೇಖಕರು ತಲುಪಿದ ತೀರ್ಮಾನವನ್ನು ಮೈಸೂರಿನಲ್ಲಿ ವಿನ್ಯಾಸ ಓದುತ್ತಿರುವ ನಾನು ಒಪ್ಪಲಾರೆ. ದೇವರಾಜ ಮಾರುಕಟ್ಟೆಯ ಹೂವಿನ ಅಂಗಡಿಗೆಂದು ನಮ್ಮ ಗುಂಪು ಸಿದ್ಧಪಡಿಸಿದ ನಕ್ಷೆ ಕಾಗದದ ಮೇಲೆ ಸೊಗಸಾಗಿಯೇ ಇತ್ತು. ಆದರೆ ವ್ಯಾಪಾರಿಗಳು ಚಕ್ಕಳಮಕ್ಕಳ ಹಾಕಿ ಕುಳಿತೇ ಮೊಳ ಅಳೆದು ಹೂ ಕೊಡುವುದರಿಂದ ಮೇಲಿನ ಹಲಗೆ ಅವರ ಕೈಗೆ ಎಟುಕುವುದಿಲ್ಲ ಎಂಬುದನ್ನು ಗುರುತಿಸಿದವಳು, ಬೆಳಗಿನಿಂದ ಅವರ ಪಕ್ಕದಲ್ಲೇ ಕುಳಿತು ಮಾತನಾಡಿಸುತ್ತಿದ್ದ ಸಹಪಾಠಿ. ಆಕೆ ಚಿತ್ರ ಬರೆದಿರಲಿಲ್ಲ. ಹಾಗಾಗಿ ಇಡೀ ವಿನ್ಯಾಸವನ್ನು ತಿದ್ದಿದ ಆ ಒಂದು ಮಾತಿಗೆ ಮೌಲ್ಯಮಾಪನದ ಹಾಳೆಯಲ್ಲಿ ಜಾಗವೇ ಇರಲಿಲ್ಲ. ನನ್ನ ತಕರಾರು ಇರುವುದು ಇಲ್ಲಿ.

ವೈಯಕ್ತಿಕ ಪ್ರಾಜೆಕ್ಟಿನ ಬೆಲೆಯನ್ನು ನಾನು ಅಲ್ಲಗಳೆಯುತ್ತಿಲ್ಲ. ನಮ್ಮೂರಿನ ಇನ್ಲೇ ಕೆಲಸದಲ್ಲಿ, ಬೀಟೆ ಹಲಗೆಯ ತೋಡಿನೊಳಗೆ ಬೇರೆ ಬಣ್ಣದ ಮರದ ಚೂರು ಸಂದಿಯಿಲ್ಲದೆ ಕೂರುವವರೆಗೆ ಉಜ್ಜುವ ತಾಳ್ಮೆಯನ್ನು ಯಾರೂ ಹಂಚಿಕೊಂಡು ಕಲಿಯಲಾಗದು. ಆದರೂ ಗುಂಪು ಪ್ರಾಜೆಕ್ಟನ್ನು ಕೈಬಿಡುವ ಬದಲು, ಪ್ರತಿಯೊಬ್ಬರೂ ತಮ್ಮ ಪಾಲಿನ ಕೆಲಸದ ದಿನಚರಿಯನ್ನು ಸಲ್ಲಿಸಲಿ, ಅಧ್ಯಾಪಕರು ಕೊನೆಯ ಮಾದರಿಯ ಜೊತೆಗೆ ಕೈಬಿಟ್ಟ ಕರಡುಗಳನ್ನೂ ನೋಡಿ ಅಂಕ ಕೊಡಲಿ.