ಚೇತರಿಕೆ ಸರಿ, ಯಾರ ಪಾಲಿಗೆ?

ವೆಂಚರ್ ಕ್ಯಾಪಿಟಲ್, ಅಂದರೆ ಹೊಸ ಕಂಪನಿಗಳಲ್ಲಿ ಪಾಲು ಪಡೆದು ಹಣ ಹೂಡುವ ಮಾರುಕಟ್ಟೆ, ಮತ್ತೆ ಚಿಗುರಿದೆ ಎಂದು ಬರೆಯುವವರೆಲ್ಲ ಒಂದೇ ಅಂಕಿಯನ್ನು ಮುಂದಿಡುತ್ತಾರೆ: ಒಟ್ಟು ಎಷ್ಟು ಹಣ ಹೂಡಿಕೆಯಾಯಿತು ಎಂಬುದು. ಆ ಅಂಕಿ ಸುಳ್ಳಲ್ಲ. ಆದರೆ ಅದನ್ನೇ ಮಾರುಕಟ್ಟೆಯ ಆರೋಗ್ಯದ ಗುರುತೆಂದು ನಂಬಲು ನಾನು ಸಿದ್ಧನಿಲ್ಲ. ಹಣ ಒಳಗೆ ಹೋದದ್ದು ದೊಡ್ಡ ಸುದ್ದಿಯಾಗುತ್ತದೆ. ಹೊರಗೆ ಬಂತೇ ಎಂದು ಕೇಳುವವರು ಬಹಳ ಕಡಿಮೆ.

2025ರ ಮಾರ್ಚ್ ಕೊನೆಯಲ್ಲಿ ಚಾಟ್‌ಜಿಪಿಟಿ ರೂಪಿಸಿದ ಕೃತಕ ಬುದ್ಧಿಮತ್ತೆ ಕಂಪನಿ ಓಪನ್‌ಎಐ ಒಂದೇ ಹೂಡಿಕೆ ಸುತ್ತಿನಲ್ಲಿ 40 ಶತಕೋಟಿ ಡಾಲರ್ ಸಂಗ್ರಹಿಸುವುದಾಗಿ ಘೋಷಿಸಿತು. ಜಪಾನಿನ ಹೂಡಿಕೆ ಸಂಸ್ಥೆ ಸಾಫ್ಟ್‌ಬ್ಯಾಂಕ್ ಮುಂದಾಳು, ಕಂಪನಿಯ ಮೌಲ್ಯ 300 ಶತಕೋಟಿ. ಆ ತ್ರೈಮಾಸಿಕದಲ್ಲಿ ಜಗತ್ತಿನಾದ್ಯಂತ ಸ್ಟಾರ್ಟ್‌ಅಪ್‌ಗಳಿಗೆ ಹರಿದ ಹಣದ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಈ ಒಂದೇ ಒಪ್ಪಂದದ್ದು. ಅದನ್ನು ಬದಿಗಿಟ್ಟು ಲೆಕ್ಕ ಹಾಕಿ ನೋಡಿ, 'ಚೇತರಿಕೆ'ಯ ಮುಖ ಬೇರೆಯೇ ಕಾಣುತ್ತದೆ. ಕೃತಕ ಬುದ್ಧಿಮತ್ತೆಯ ಹೊರಗೆ ಒಳ್ಳೆಯ ಗ್ರಾಹಕರನ್ನು ಇಟ್ಟುಕೊಂಡು, ಮರ್ಯಾದೆಯಿಂದ ವ್ಯವಹಾರ ನಡೆಸುತ್ತಿರುವ ಎಷ್ಟೋ ಕಂಪನಿಗಳು ಮುಂದಿನ ಸುತ್ತಿಗಾಗಿ ಬಾಗಿಲು ತಟ್ಟುತ್ತಲೇ ಇವೆ.

ಕೃತಕ ಬುದ್ಧಿಮತ್ತೆ ಬರೀ ಗಾಳಿಮಾತು ಎಂದು ನಾನು ಹೇಳುತ್ತಿಲ್ಲ. ಅಲ್ಲಿ ನಿಜವಾದ ಗ್ರಾಹಕರಿದ್ದಾರೆ, ನಿಜವಾದ ಆದಾಯವೂ ಇದೆ. ನನ್ನ ಅಳುಕು ಹಣ ಸುತ್ತುವ ದಾರಿಯ ಬಗ್ಗೆ. 2025ರ ಸೆಪ್ಟೆಂಬರ್‌ನಲ್ಲಿ ಚಿಪ್ ಮಾರುವ ಎನ್‌ವಿಡಿಯಾ ಕಂಪನಿಯು ಓಪನ್‌ಎಐನಲ್ಲಿ 100 ಶತಕೋಟಿ ಡಾಲರ್‌ವರೆಗೆ ಹೂಡುವ ಇಂಗಿತ ಪ್ರಕಟಿಸಿತು. ಚಿಪ್ ಮಾರುವವನೇ ಚಿಪ್ ಕೊಳ್ಳುವವನಿಗೆ ಬಂಡವಾಳ ಕೊಟ್ಟಾಗ, ಬೇಡಿಕೆಯಲ್ಲಿ ಸಹಜವಾದದ್ದು ಎಷ್ಟು, ಊದಿಸಿದ್ದು ಎಷ್ಟು ಎಂದು ಬಿಡಿಸಿ ಹೇಳುವುದು ಕಷ್ಟ.

ಹಿಂದಿನ ಏರಿಳಿತ ಇನ್ನೂ ಹಳೆಯದಾಗಿಲ್ಲ. 2021ರಲ್ಲಿ ಜಾಗತಿಕ ಹೂಡಿಕೆ 600 ಶತಕೋಟಿ ಡಾಲರ್ ದಾಟಿತ್ತು; 2023ರ ಹೊತ್ತಿಗೆ ಅದರ ಅರ್ಧಕ್ಕಿಂತ ಕೆಳಗಿಳಿಯಿತು. 2022ರ ಮಾರ್ಚ್‌ನಲ್ಲಿ ಶೂನ್ಯದ ಹತ್ತಿರವಿದ್ದ ಬಡ್ಡಿದರವನ್ನು ಅಮೆರಿಕದ ಫೆಡರಲ್ ರಿಸರ್ವ್ 2023ರ ಜುಲೈ ವೇಳೆಗೆ ಶೇ 5.25–5.50ಕ್ಕೆ ಏರಿಸಿತು. ಸರ್ಕಾರಿ ಬಾಂಡ್‌ನಲ್ಲೇ ಶೇ 5ರಷ್ಟು ಸಿಗುವಾಗ, ಹತ್ತು ವರ್ಷ ಕಾದು ಕೂರುವ ಹೂಡಿಕೆಗೆ ಯಾರು ಮನಸ್ಸು ಮಾಡುತ್ತಾರೆ? ಈಗ ಕೊಂಡು ನಂತರ ಹಣ ಕೊಡುವ ಸೇವೆ ನೀಡುವ ಸ್ವೀಡನ್ನಿನ ಕ್ಲಾರ್ನಾ ಕಂಪನಿಯನ್ನೇ ನೋಡಿ. 2021ರಲ್ಲಿ ಅದರ ಮೌಲ್ಯ 45.6 ಶತಕೋಟಿ ಡಾಲರ್, 2022ರಲ್ಲಿ 6.7 ಶತಕೋಟಿ. 2025ರ ಸೆಪ್ಟೆಂಬರ್‌ನಲ್ಲಿ ಷೇರುಪೇಟೆಗೆ ಬಂದಾಗ ಐಪಿಒ ಬೆಲೆಯಲ್ಲಿ ಸುಮಾರು 15 ಶತಕೋಟಿ. ಆರಂಭದಲ್ಲೇ ಹಣ ಹಾಕಿದವರಿಗೆ ಭಾರಿ ಲಾಭ; 2021ರ ಸುತ್ತಿನಲ್ಲಿ ಬಂದವರ ಪಾಲಿಗೆ ಅದೇ ಐಪಿಒ ನಷ್ಟದ ಬಾಗಿಲು.

ಇಂಥ ಕಂಪನಿಗಳಿಗೆ ಹಣ ಹೂಡುವ ವೆಂಚರ್ ನಿಧಿಗಳಲ್ಲಿರುವ ಹಣ ಯಾರದ್ದು ಎಂಬುದನ್ನು ನಾವು ಮರೆತೇಬಿಡುತ್ತೇವೆ. ಬಹುಪಾಲು ಪಿಂಚಣಿ ನಿಧಿಗಳದ್ದು, ವಿಶ್ವವಿದ್ಯಾಲಯಗಳ ದತ್ತಿನಿಧಿಗಳದ್ದು, ವಿಮಾ ಕಂಪನಿಗಳದ್ದು. ಅಮೆರಿಕದಲ್ಲಿ ಪಿಂಚಣಿ ನಿಧಿಗಳಿಗೆ ಈ ದಾರಿ ಸಲೀಸಾದದ್ದು 1979ರ ನಿಯಮ ಬದಲಾವಣೆಯ ನಂತರ. ಒಬ್ಬ ಶಿಕ್ಷಕಿಯ ನಿವೃತ್ತಿಯ ಹಣವೂ ಅದರಲ್ಲಿರುತ್ತದೆ. ಹೀಗೆ ಹಣ ಕೊಟ್ಟ ಸಂಸ್ಥೆಗಳಿಗೆ ಕಾಗದದ ಮೇಲೆ ಮೌಲ್ಯ ಏರಿದ ವರದಿ ತಪ್ಪದೆ ಬರುತ್ತದೆ, ನಗದು ಬರುವುದಿಲ್ಲ. ಹಾಕಿದ ಪ್ರತಿ ಡಾಲರಿಗೆ ಕೈಗೆ ಮರಳಿದ್ದೆಷ್ಟು ಎಂಬ ಅನುಪಾತಕ್ಕೆ ಈ ವಲಯದಲ್ಲಿ ಡಿಪಿಐ ಎನ್ನುತ್ತಾರೆ. ಈಗ ಹೊಸ ನಿಧಿ ಕಟ್ಟಲು ಹೊರಟ ಸಣ್ಣ ವ್ಯವಸ್ಥಾಪಕರು ಬರಿಗೈಯಲ್ಲಿ ಮರಳುತ್ತಿರುವುದಕ್ಕೆ ಈ ಅನುಪಾತ ಕಡಿಮೆ ಇರುವುದೇ ಮುಖ್ಯ ಕಾರಣ. ಹಳೆಯ ಹಣ ಮರಳದೆ ಹೊಸ ಹಣ ಹೊರಡುವುದಿಲ್ಲ. ಇರುವಷ್ಟು ಹಣ ಹೆಸರುವಾಸಿಯಾದ ಕೆಲವೇ ದೊಡ್ಡ ಸಂಸ್ಥೆಗಳ ಕಡೆಗೆ ಸರಿಯುತ್ತಿದೆ.

ದೊಡ್ಡ ನಿಧಿಯ ಲೆಕ್ಕಾಚಾರವೂ ಕಠೋರವಾದದ್ದು. 50 ಕೋಟಿ ಡಾಲರ್‌ನ ನಿಧಿಯೊಂದಕ್ಕೆ ಒಂದು ಕಂಪನಿಯಲ್ಲಿ ಕೊನೆಗೆ ಶೇ 10ರಷ್ಟು ಪಾಲು ಉಳಿದಿದೆ ಎನ್ನಿ. ಆ ಕಂಪನಿ 500 ಕೋಟಿಗೆ ಮಾರಾಟವಾದರೆ ಮಾತ್ರ ಮೂಲ ನಿಧಿಯಷ್ಟು ಹಣ ಒಮ್ಮೆ ಮರಳುತ್ತದೆ. ವರ್ಷವರ್ಷವೂ ಲಾಭ ಮಾಡುತ್ತಾ 10 ಕೋಟಿಗೆ ಬೆಲೆಬಾಳುವ ಕಂಪನಿಯನ್ನು ಯಾರೇ ಆದರೂ ಸಾಧನೆ ಎನ್ನಬೇಕು. ಈ ನಿಧಿಯ ಕಣ್ಣಿಗೆ ಅದು ಲೆಕ್ಕಕ್ಕೇ ಇಲ್ಲ. ಅಂಥ ಕಂಪನಿ ಕಟ್ಟುವ ಆಸೆಯುಳ್ಳವರು ವೆಂಚರ್ ಹಣ ಸಿಗಲಿಲ್ಲವೆಂದು ತಲೆತಗ್ಗಿಸಬೇಕಾಗಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಸಂಕಟವಾಗುವುದು ಉದ್ಯೋಗಿಗಳ ವಿಷಯದಲ್ಲಿ. ಒಂದು ಕಂಪನಿ 10 ಕೋಟಿ ಡಾಲರ್ ಪಡೆದು ಶೇ 25ರಷ್ಟು ಪಾಲು ಕೊಟ್ಟಿತು ಎಂದಿಟ್ಟುಕೊಳ್ಳಿ. ಅಂದಿನಿಂದ ಅದು '40 ಕೋಟಿ ಡಾಲರ್ ಕಂಪನಿ'. ಅರ್ಧ ಶೇಕಡಾ ಷೇರು ಆಯ್ಕೆ (ಮೊದಲೇ ಗೊತ್ತುಪಡಿಸಿದ ಬೆಲೆಗೆ ಷೇರು ಕೊಳ್ಳುವ ಹಕ್ಕು) ಇರುವ ಎಂಜಿನಿಯರ್ ತನ್ನದು 20 ಲಕ್ಷ ಡಾಲರ್ ಎಂದು ಎಣಿಸುತ್ತಾಳೆ, ಅದನ್ನು ನಂಬಿ ಕಡಿಮೆ ಸಂಬಳಕ್ಕೆ ದುಡಿಯುತ್ತಾಳೆ. ನಾಲ್ಕು ವರ್ಷದ ಮೇಲೆ ಕಂಪನಿ 12 ಕೋಟಿಗೆ ಮಾರಾಟವಾಗುತ್ತದೆ. ಲಿಕ್ವಿಡೇಷನ್ ಪ್ರಿಫರೆನ್ಸ್ ಎಂಬ ಷರತ್ತಿನಂತೆ ಹೂಡಿಕೆದಾರರು ತಮ್ಮ 10 ಕೋಟಿಯನ್ನು ಮೊದಲು ತೆಗೆದುಕೊಳ್ಳುತ್ತಾರೆ. ಉಳಿದ 2 ಕೋಟಿಯಲ್ಲಿ ಸಂಸ್ಥಾಪಕರು, ಉದ್ಯೋಗಿಗಳು ಎಲ್ಲರೂ ಹಂಚಿಕೊಳ್ಳಬೇಕು. ಷರತ್ತು ಹೂಡಿದ್ದರ ಎರಡು ಪಟ್ಟು ಎಂದಿದ್ದರೆ ಇಡೀ 12 ಕೋಟಿಯೂ ಅಲ್ಲಿಗೇ ಹೋಯಿತು. ಮೌಲ್ಯವನ್ನು ಊರಿಗೆಲ್ಲ ಸಾರಿ ಷರತ್ತನ್ನು ಬಚ್ಚಿಡುವುದು ದುಡಿಯುವವರ ಮೂಗಿಗೆ ತುಪ್ಪ ಸವರುವ ಕೆಲಸ. ಕೆಲಸಕ್ಕೆ ಸೇರುವ ಮೊದಲು ಈ ಒಂದು ಪ್ರಶ್ನೆಯನ್ನು ದಯವಿಟ್ಟು ಕೇಳಿ: ನಮಗಿಂತ ಮುಂದೆ ಎಷ್ಟು ಹಣ ಸಾಲುಗಟ್ಟಿ ನಿಂತಿದೆ?

ಮುಂದೇನು? ಐಪಿಒ ಬಾಗಿಲು ತೆರೆದಿದೆ, ಆದರೆ ಆಯ್ದ ಕೆಲವರಿಗೆ. 33 ಡಾಲರ್‌ಗೆ ಷೇರು ನೀಡಿದ ವಿನ್ಯಾಸ ತಂತ್ರಾಂಶ ಕಂಪನಿ ಫಿಗ್ಮಾ 2025ರ ಜುಲೈ 31ರ ಮೊದಲ ದಿನವೇ 115.50 ಡಾಲರ್‌ಗೆ ಮುಟ್ಟಿ ವಹಿವಾಟು ಮುಗಿಸಿತು. ಆ ಬೆಲೆ ಬಹಳ ದಿನ ಉಳಿಯಲಿಲ್ಲ. ಉಳಿದವರು ಹಳೆಯ ಷೇರುಗಳನ್ನು ಖಾಸಗಿಯಾಗಿ ಕೈಬದಲಾಯಿಸುವ ಸೆಕೆಂಡರಿ ಮಾರುಕಟ್ಟೆಯತ್ತ ಹೊರಳಿದ್ದಾರೆ. ಅದು ಆರೋಗ್ಯಕರ ಬೆಳವಣಿಗೆಯೇ. ಆದರೆ ನಿಧಿಯೊಂದು ತನ್ನ ಕಂಪನಿಯನ್ನು ತಾನೇ ತೆರೆದ ಇನ್ನೊಂದು ನಿಧಿಗೆ ಮಾರುವಾಗ ಬೆಲೆ ಕಟ್ಟಿದವರು ಯಾರು ಎಂದು ವಿಚಾರಿಸಲೇಬೇಕು. 2021ರ ಬೆಲೆಯ ಭಾರ ಹೊತ್ತ ಯೂನಿಕಾರ್ನ್‌ಗಳಲ್ಲಿ (ಶತಕೋಟಿ ಡಾಲರ್ ಮೀರಿದ ಮೌಲ್ಯದ ಖಾಸಗಿ ಸ್ಟಾರ್ಟ್‌ಅಪ್‌ಗಳು) ಹಲವು ಸದ್ದಿಲ್ಲದೆ ಅಗ್ಗಕ್ಕೆ ಮಾರಾಟವಾಗುತ್ತವೆ ಎಂಬುದು ನನ್ನ ಅಂದಾಜು.

ಕ್ಯಾಲಿಫೋರ್ನಿಯಾದ ಸಾರ್ವಜನಿಕ ನೌಕರರ ಪಿಂಚಣಿ ನಿಧಿ ಕ್ಯಾಲ್‌ಪರ್ಸ್ ತಾನು ಹಣ ತೊಡಗಿಸಿದ ಖಾಸಗಿ ನಿಧಿಗಳ ಪಟ್ಟಿಯನ್ನು ಪ್ರಕಟಿಸುತ್ತದೆ. ಹಾಕಿದ ನಗದು ಎಷ್ಟು, ಬಂದ ನಗದು ಎಷ್ಟು, ಬಂದದ್ದೂ ಇನ್ನೂ ಕಾಗದದ ಮೇಲಿರುವುದೂ ಸೇರಿ ಎಷ್ಟು ಎಂದು ಬೇರೆಬೇರೆ ಅಂಕಣಗಳಲ್ಲಿ ತೋರಿಸುತ್ತದೆ. ಮಾರುಕಟ್ಟೆ ಚಿಗುರಿದೆ ಎಂದು ಬರೆಯುವ ಪತ್ರಕರ್ತ ಗೆಳೆಯರು ಒಟ್ಟು ಹೂಡಿಕೆಯ ಅಂಕಿಯ ಪಕ್ಕದಲ್ಲಿ ಇಂಥ ಎರಡನೇ ಅಂಕಣವನ್ನೂ ಅಚ್ಚು ಹಾಕಲಿ ಎಂಬುದು ನನ್ನ ಒತ್ತಾಯ.