ಕುರ್ಚಿಗಿಂತ ಮೊದಲು ಮೇಜು ಅಳೆಯಿರಿ

ಆಫೀಸ್ ಕುರ್ಚಿ ಯಾವುದು ತಗೊಳ್ಳಲಿ ಅಂತ ಆಗಾಗ ಯಾರಾದರೂ ನನ್ನನ್ನು ಕೇಳುತ್ತಿರುತ್ತಾರೆ. ಹದಿನೆಂಟು ಸಾವಿರ ಕೊಟ್ಟು ಸೊಂಟನೋವು ಮನೆಗೆ ತಂದವಳು ಇವಳು ಅಂತ ಎಲ್ಲರಿಗೂ ಗೊತ್ತು, ಅದಕ್ಕೇ ಇರಬೇಕು.

2020ರ ಲಾಕ್‌ಡೌನ್‌ನಲ್ಲಿ ಊಟದ ಮೇಜಿನ ಕುರ್ಚಿಗೆ ದಿಂಬು ಹಾಕಿಕೊಂಡು ದಿನ ದೂಡಿದ್ದೆ. ಆಮೇಲೆ ಮನೆಯಿಂದಲೇ ಕೆಲಸ ಅಂತ ಆಯ್ತು, ಒಂದು ಒಳ್ಳೆ ಕುರ್ಚಿ ತಗೊಳ್ಳೋಣ ಅಂತ ಅಂಗಡಿಗೆ ಹೋದೆ. ಲಂಬಾರ್ ಸಪೋರ್ಟ್ (ಸೊಂಟಕ್ಕೆ ಆಸರೆ), ಹೆಡ್‌ರೆಸ್ಟ್, ಹೈಡ್ರಾಲಿಕ್ ಅಂತ ಅಂಗಡಿಯವನು ಒಂದೇ ಉಸಿರಿಗೆ ಹೇಳಿದ. (ಹೈಡ್ರಾಲಿಕ್ ಅಂತ ಸುಮ್ನೆ ಕರೆಯುತ್ತಾರೆ, ಸೀಟನ್ನು ಮೇಲೆತ್ತುವುದು ಒತ್ತಿ ತುಂಬಿದ ನೈಟ್ರೋಜನ್ ಗ್ಯಾಸು.) ನನ್ನ ಎತ್ತರ ಎಷ್ಟು ಅಂತ ಮಾತ್ರ ಅವನೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

ನಾನು ಐದು ಅಡಿ ಒಂದು ಇಂಚು. ಮಾರಾಟಕ್ಕಿರುವ ಮೇಜುಗಳು ಹೆಚ್ಚುಕಮ್ಮಿ ಎಲ್ಲಾ 75 ಸೆಂ.ಮೀ., ಅಂದರೆ ಸುಮಾರು 30 ಇಂಚು. ಮೊಣಕೈ ಕೀಬೋರ್ಡಿನ ಸಮಕ್ಕೆ ಬರಲಿ ಅಂತ ಕುರ್ಚಿ ಏರಿಸಿದರೆ ಕಾಲು ನೇತಾಡುತ್ತದೆ, ಸೀಟಿನ ಅಂಚು ತೊಡೆಗೆ ಒತ್ತಿ ಮಧ್ಯಾಹ್ನದ ಹೊತ್ತಿಗೆ ಜೋಮು ಹಿಡಿಯುತ್ತದೆ. ಇಳಿಸಿದರೆ ಹೆಗಲು ಕಿವಿ ಹತ್ತಿರ.

ಇದಕ್ಕಿಂತ ದೊಡ್ಡ ಮೋಸ ಸೀಟಿನ ಉದ್ದದ್ದು. ಬೆನ್ನು ಪೂರ್ತಿ ಒರಗಿಸಿ ಕೂತಾಗ ಸೀಟಿನ ಅಂಚಿಗೂ ಮಂಡಿಯ ಹಿಂಬದಿಗೂ ನಡುವೆ ಎರಡು ಮೂರು ಬೆರಳು ತೂರುವಷ್ಟು ಜಾಗ ಇರಬೇಕು, ನನಗೆ ಒಂದು ಬೆರಳೂ ತೂರುತ್ತಿರಲಿಲ್ಲ. ಹಾಗಾಗಿ ತುದಿಯಲ್ಲೇ ಕೂರುತ್ತಿದ್ದೆ. ಅಷ್ಟು ದುಡ್ಡು ಕೊಟ್ಟ ಲಂಬಾರ್ ಸಪೋರ್ಟ್ ಹಿಂದುಗಡೆ ಗಾಳಿಗೆ ಆಸರೆ ಕೊಡುತ್ತಿತ್ತು!

1994ರಲ್ಲಿ ಹರ್ಮನ್ ಮಿಲ್ಲರ್ ಕಂಪನಿಯ ಏರಾನ್ ಕುರ್ಚಿ ಬಂದಾಗ ಎ, ಬಿ, ಸಿ ಅಂತ ಮೂರು ಸೈಜು ಮಾಡಿದ್ದರು, ಚಪ್ಪಲಿಗೆ ಇರುತ್ತದಲ್ಲ ಹಾಗೆ. ಅದರ ಬೆಲೆ ನಮ್ಮಂಥವರಿಗಲ್ಲ ಬಿಡಿ, ಆದರೆ ಯೋಚನೆ ಸರಿಯಾಗಿದೆ. ನಾನು ನೋಡಿದ ಅಂಗಡಿಗಳಲ್ಲೆಲ್ಲ ಐದು ಅಡಿಯವರಿಗೂ ಆರು ಅಡಿಯವರಿಗೂ ಒಂದೇ ಕುರ್ಚಿ, ಜೊತೆಗೆ ನಾಲ್ಕು ಲಿವರು.

ನಮ್ಮಜ್ಜ ಶಾನುಭೋಗರು. ಚಕ್ಕಳಮಕ್ಕಳ ಹಾಕಿ ಕೂತು ಇಳಿಜಾರಿನ ಡೆಸ್ಕಿನ ಮೇಲೆ ಲೆಕ್ಕ ಬರೆಯುತ್ತಿದ್ದರು. ಆ ಡೆಸ್ಕನ್ನು ಊರಿನ ಆಚಾರಿ ಅಜ್ಜನನ್ನು ಕೂರಿಸಿ ಅಳತೆ ತಗೊಂಡು ಮಾಡಿದ್ದಂತೆ. ಅದು ನೆನಪಾಗಿದ್ದೇ ತಡ, ನಾನೂ ಒಬ್ಬ ಆಚಾರಿಯನ್ನು ಕರೆಸಿ ಮೇಜಿನ ಕಾಲು ಮೂರೂವರೆ ಇಂಚು ಕುಯ್ಯಿಸಿದೆ. ಐನೂರು ರೂಪಾಯಿ. ಕುರ್ಚಿ ಪೂರ್ತಿ ಇಳಿಸಿ, ಬೆನ್ನ ಹಿಂದೆ ಗಟ್ಟಿ ದಿಂಬು, ಕಾಲ ಕೆಳಗೆ ಅಮ್ಮನ ಹಳೇ ಮಣೆ. ಹೆಗಲು ಕೆಳಗಿಳಿಯಿತು.

ಕುಳ್ಳಗಿರುವವರು ಅಂಗಡಿಯಲ್ಲಿ ಕೇಳಬೇಕಾದ್ದು ಸೀಟು ಎಷ್ಟು ಮೇಲೇರುತ್ತದೆ ಅಂತಲ್ಲ, ಎಷ್ಟು ಕೆಳಗಿಳಿಯುತ್ತದೆ ಅಂತ. ಸೀಟು ಹಿಂದೆ ಮುಂದೆ ಸರಿಯುತ್ತಾ ನೋಡಿ. ಕೈಯಾನಿಸೋ ಹಿಡಿ ಮೇಜಿನ ಕೆಳಗೆ ಹೋಗುತ್ತಾ ನೋಡಿ, ಇಲ್ಲಾಂದ್ರೆ ಮೇಜಿನ ಹತ್ತಿರ ಹೋಗೋಕೇ ಆಗಲ್ಲ. ಟೇಪು ಮನೆಯಿಂದಲೇ ತಗೊಂಡು ಹೋಗಿ. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಅಂದಹಾಗೆ ನಮ್ಮನೆಯವರು ಆರಡಿ. ಈಗ ಆ ಮೇಜಿನಡಿ ಅವರ ಮಂಡಿ ಹಿಡಿಸುತ್ತಿಲ್ಲ, ಲ್ಯಾಪ್‌ಟಾಪ್ ಎತ್ತಿಕೊಂಡು ಊಟದ ಮೇಜಿಗೆ ಹೋಗಿದ್ದಾರೆ.