ಕಣ್ಣಾರೆ ಕಂಡೆ ಅಂತೀರಿ, ಯಾವ ಕ್ಷಣದಲ್ಲಿ ಕಂಡಿರಿ?

ಯಾವುದು ಮೊದಲು ಆಯಿತು ಅಂತ ಇಬ್ಬರು ವಾದಕ್ಕೆ ಬಿದ್ದಾಗಲೆಲ್ಲ ನನಗೆ ಡೇವಿಡ್ ಕಿನ್ನಬ್ರೂಕ್ ನೆನಪಾಗುತ್ತಾನೆ. ಗ್ರೀನಿಚ್ ವೀಕ್ಷಣಾಲಯದಲ್ಲಿ ಸಹಾಯಕನಾಗಿದ್ದವನು. ದೂರದರ್ಶಕದೊಳಗಿನ ಸಣ್ಣ ತಂತಿಯನ್ನು ನಕ್ಷತ್ರ ದಾಟುವ ಹೊತ್ತನ್ನು, ಗಡಿಯಾರದ ಟಿಕ್ ಟಿಕ್ ಕೇಳಿಸಿಕೊಳ್ಳುತ್ತಲೇ, ಸೆಕೆಂಡಿನ ಹತ್ತನೇ ಒಂದು ಭಾಗದ ತನಕ ಅಂದಾಜು ಮಾಡಿ ಬರೆಯಬೇಕಿತ್ತು. ಅವನು ಬರೆದದ್ದು ಮೇಲಧಿಕಾರಿ ನೆವಿಲ್ ಮ್ಯಾಸ್ಕಲಿನ್ ಬರೆದದ್ದಕ್ಕಿಂತ 0.8 ಸೆಕೆಂಡ್ ತಡ ಇತ್ತು. 1796ರಲ್ಲಿ ಕೆಲಸ ಹೋಯಿತು.

ನನ್ನ ಪ್ರಕಾರ ಅದು ಅನ್ಯಾಯ. ಯಾಕೆ ಅಂದರೆ, ನೋಡುವುದಕ್ಕೇ ಸಮಯ ಬೇಕು. ಬೆಳಕು ಕಣ್ಣೊಳಗೆ ಬಿದ್ದ ಮೇಲೆ ರೆಟಿನಾದ ಜೀವಕೋಶಗಳಲ್ಲಿ ಒಂದರ ಹಿಂದೆ ಒಂದು ರಾಸಾಯನಿಕ ಕ್ರಿಯೆ ನಡೆದು, ಆಮೇಲೆ ಸಂಕೇತ ಹೊರಡುತ್ತದೆ, ಇದಕ್ಕೇ ಹತ್ತಾರು ಮಿಲಿಸೆಕೆಂಡ್ ಹೋಗುತ್ತದೆ. ಕಿವಿಯಲ್ಲಿ ಅಷ್ಟು ಉದ್ದದ ದಾರಿ ಇಲ್ಲ. ಅದಕ್ಕೇ ಬೆಳಕಿಗಿಂತ ಸದ್ದಿಗೆ ನಾವು ಬೇಗ ಪ್ರತಿಕ್ರಿಯಿಸುತ್ತೇವೆ. ಈ ಎರಡು ಬೇರೆ ಬೇರೆ ವೇಗದ ಸುದ್ದಿಗಳನ್ನು ಮಿದುಳು ಹೊಂದಿಸಿ ‘ಇದು ಒಂದೇ ಕ್ಷಣ’ ಅಂತ ತೀರ್ಮಾನಿಸಬೇಕು. ಆ ತೀರ್ಮಾನ ಎಲ್ಲರ ತಲೆಯಲ್ಲೂ ಒಂದೇ ಥರ ಇರಲೇಬೇಕು ಅಂತ ಏನಿದೆ?

ಬೆಳಕು ಕಡಿಮೆಯಾದರೆ ತಡ ಇನ್ನೂ ಜಾಸ್ತಿ. ಇದನ್ನು ನೀವೇ ನೋಡಬಹುದು. ದಾರಕ್ಕೆ ಏನಾದರೂ ಕಟ್ಟಿ ಎಡಕ್ಕೂ ಬಲಕ್ಕೂ ತೂಗಾಡಿಸಲು ಯಾರಿಗಾದರೂ ಹೇಳಿ. ಒಂದು ಕಣ್ಣಿಗೆ ಮಾತ್ರ ಕಪ್ಪು ಗಾಜು ಅಡ್ಡ ಹಿಡಿದು, ಎರಡೂ ಕಣ್ಣು ತೆರೆದು ನೋಡಿ. ನೇರವಾಗಿ ತೂಗುತ್ತಿರುವುದು ಸುತ್ತು ಹೊಡೆಯುವ ಹಾಗೆ ಕಾಣುತ್ತದೆ! ಮಂಕಾದ ಕಣ್ಣಿನ ಸುದ್ದಿ ತಡವಾಗಿ ತಲುಪುತ್ತದೆ, ಮಿದುಳು ಆ ತಡವನ್ನು ದೂರ ಅಂತ ಓದಿಕೊಳ್ಳುತ್ತದೆ. 1922ರಲ್ಲಿ ಇದನ್ನು ವಿವರಿಸಿದ ಕಾರ್ಲ್ ಪುಲ್ಫ್ರಿಚ್‌ಗೆ ಒಂದು ಕಣ್ಣು ಕಾಣುತ್ತಿರಲಿಲ್ಲ, ತನ್ನ ಹೆಸರಿನ ಈ ಪರಿಣಾಮವನ್ನು ಅವರಿಗೆ ನೋಡುವುದಕ್ಕೇ ಆಗುತ್ತಿರಲಿಲ್ಲ. ನನಗೆ ತುಂಬಾ ಇಷ್ಟವಾದ ಸಂಗತಿ ಇದು.

ಇನ್ನೊಂದು. ಕನ್ನಡಿ ಮುಂದೆ ನಿಂತು ನಿಮ್ಮ ಎಡಗಣ್ಣು ನೋಡಿ, ಆಮೇಲೆ ಬಲಗಣ್ಣು. ಕಣ್ಣು ಹೊರಳಿದ್ದು ಪಕ್ಕದವರಿಗೆ ಕಾಣುತ್ತದೆ, ನಿಮಗೆ ಕಾಣಲ್ಲ. ಗಡಿಯಾರದ ಕಡೆ ತಟ್ಟನೆ ಕಣ್ಣು ಹಾಯಿಸಿದರೆ ಸೆಕೆಂಡ್ ಮುಳ್ಳು ಮೊದಲ ಸಲ ಸ್ವಲ್ಪ ಹೊತ್ತು ನಿಂತುಬಿಟ್ಟ ಹಾಗೆ ಅನಿಸುತ್ತದೆ ಅಲ್ವಾ? ಕಣ್ಣು ಜಿಗಿದ ಆ ಹೊತ್ತನ್ನು, ಆಮೇಲೆ ಕಂಡ ಚಿತ್ರದಿಂದಲೇ ಮಿದುಳು ತುಂಬಿಕೊಳ್ಳುತ್ತದೆ ಅನ್ನುವುದು ಇದಕ್ಕೆ ಕೊಡುವ ಒಂದು ವಿವರಣೆ. ಆಮೇಲೆ ಕಂಡದ್ದು ಹಿಂದಿನ ಕ್ಷಣಕ್ಕೆ ಹೋಗಿ ಕೂರುತ್ತದೆ!

ಹಾಗಾಗಿ ಫುಟ್‌ಬಾಲ್‌ನಲ್ಲಿ ಆಟಗಾರ ಗೆರೆ ದಾಟಿದ್ದು ಮೊದಲೋ ಚೆಂಡು ಒದ್ದದ್ದು ಮೊದಲೋ ಅಂತ ಅರೆಕ್ಷಣದಲ್ಲಿ ಹೇಳಬೇಕಾದ ರೆಫರಿಯನ್ನು ಮೋಸಗಾರ ಅಂತ ಬೈಯುವುದು ನನಗೆ ಸರಿ ಕಾಣಲ್ಲ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಹಾಗೇ ಕಂಡಿರುತ್ತದೆ. ಅಂಥ ಕಡೆ ಕ್ಯಾಮೆರಾ ಇಡಿ, ಮನುಷ್ಯರ ಪ್ರಾಮಾಣಿಕತೆಯನ್ನು ಅಳೆಯಬೇಡಿ.

1820ರ ದಶಕದಲ್ಲಿ ಜರ್ಮನಿಯ ಖಗೋಳಶಾಸ್ತ್ರಜ್ಞ ಬೆಸೆಲ್, ಕಿನ್ನಬ್ರೂಕ್ ಕಥೆ ಓದಿ, ತನ್ನ ಅಳತೆಯನ್ನು ನುರಿತ ಇತರ ಖಗೋಳಶಾಸ್ತ್ರಜ್ಞರ ಅಳತೆ ಜೊತೆ ಹೋಲಿಸಿ ನೋಡಿದರು. ಅವರ ನಡುವೆಯೂ ವ್ಯತ್ಯಾಸ ಇತ್ತು, ಒಬ್ಬರ ಜೊತೆಗಂತೂ ಒಂದು ಸೆಕೆಂಡಿಗಿಂತ ಜಾಸ್ತಿ. ಅಷ್ಟು ಹೊತ್ತಿಗೆ ಕಿನ್ನಬ್ರೂಕ್ ತೀರಿಕೊಂಡು ಎಷ್ಟೋ ವರ್ಷ ಆಗಿತ್ತು.